ಬಾರದ ಸಂಚಿಕೆಗೆ ಹಾಜರಿ

ಮಣ್ಣಿನ ವಿಜ್ಞಾನದ ಆ ಮಾಸಿಕಕ್ಕೆ ಕಟ್ಟುವ ವರ್ಷದ ಚಂದಾದಲ್ಲಿ ಒಂದು ಹೊಸ ಸ್ಕೂಟರ್ ಬರುತ್ತಿತ್ತು. ಬಿಡಿ ಸಂಚಿಕೆಯೊಂದರ ಬೆಲೆ ಗುಮಾಸ್ತನ ಹತ್ತು ದಿನದ ಸಂಬಳ. ಅದರ ಮೇಲೆ ಹೊಡೆಯುವ ಮೊಹರಿನ ಶಾಯಿಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ಹೋಟೆಲ್ ಊಟದಷ್ಟು ಖರ್ಚು. ಆದರೆ ಅದು ಬಂತೆಂದು ಕಾರ್ಡಿನಲ್ಲಿ ಹಾಕುವ ಟಿಕ್ಕಿಗೆ ಏನೂ ಖರ್ಚಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಮನುಷ್ಯ ಧಾರಾಳವಾಗಿ ಬಳಸುತ್ತಾನೆ. ನಮ್ಮ ಗುಮಾಸ್ತನೂ ಬಳಸಿದ. ತೊಂದರೆ ಶುರುವಾದದ್ದು ಅಲ್ಲಿಂದ.

ಅವನು ಕಾಲೇಜಿನ ಗ್ರಂಥಾಲಯದಲ್ಲಿ ನಿಯತಕಾಲಿಕ ವಿಭಾಗದವನು. ಆಫೀಸಿನಿಂದ ಬಂದ ಅಂಚೆಯ ಚೀಲ ಸುರಿದು, ಪತ್ರಿಕೆಗಳ ಹೊದಿಕೆ ಬಿಚ್ಚಿ, ಒಂದೊಂದಕ್ಕೂ ಇರುವ ಕಾರ್ಡು ತೆಗೆದು, ಆ ತಿಂಗಳ ಚೌಕದಲ್ಲಿ ಟಿಕ್ ಹಾಕಿ, ಮೂರು ಕಡೆ ಮೊಹರು ಹೊಡೆದು ರ‍್ಯಾಕಿನಲ್ಲಿ ನಿಲ್ಲಿಸುವುದು ಅವನ ಕೆಲಸ. ಬಾರದೆ ಹೋದದ್ದಕ್ಕೆ ‘ಬಂದಿಲ್ಲ, ಕಳಿಸಿ’ ಎಂದು ಏಜೆಂಟರಿಗೆ ಕಾಗದ ಬರೆಯಬೇಕು. ಮೇಷ್ಟ್ರು ಮಕ್ಕಳ ಹಾಜರಿ ಹಾಕಿದಂತೆ ಪತ್ರಿಕೆಗಳ ಹಾಜರಿ ಹಾಕುತ್ತಿದ್ದುದರಿಂದ ಎಲ್ಲರೂ ಅವನನ್ನು ಹಾಜರಿ ಎಂದೇ ಕರೆಯುತ್ತಿದ್ದರು. ಪತ್ರಿಕೆಯ ಒಳಗೇನಿದೆ ಎಂದು ನೋಡುವ ಅಭ್ಯಾಸ ಅವನಿಗಿರಲಿಲ್ಲ. ಸಂಪುಟ ಎಷ್ಟು, ಸಂಚಿಕೆ ಎಷ್ಟು, ಅಷ್ಟು ಗೊತ್ತಾದರೆ ಅವನ ಓದು ಮುಗಿಯಿತು.

ಉಳಿದ ಪತ್ರಿಕೆಗಳು ಮನಸ್ಸು ಬಂದಾಗ ಬರುತ್ತಿದ್ದವು. ಕೆಲವು ಮೂರು ತಿಂಗಳು ನಾಪತ್ತೆಯಾಗಿ ಆಮೇಲೆ ಮಕ್ಕಳುಮರಿ ಸಮೇತ ನೆಂಟರು ಬಂದಿಳಿದ ಹಾಗೆ ಒಟ್ಟಿಗೆ ಬರುತ್ತಿದ್ದವು. ಈ ಮಣ್ಣಿನ ಮಾಸಿಕ ಮಾತ್ರ ಸಾಲ ಕೊಟ್ಟವನ ಹಾಗೆ ತಿಂಗಳ ಮೊದಲ ವಾರ ತಪ್ಪದೆ ಬಾಗಿಲಲ್ಲಿ ನಿಲ್ಲುತ್ತಿತ್ತು. ಹೇಗೂ ಬರುವುದಲ್ಲವೇ ಎಂದು ಹಾಜರಿ ವರ್ಷದ ಮೊದಲ ದಿನವೇ ಅದರ ಹನ್ನೆರಡು ಚೌಕಕ್ಕೂ ಒಂದೇ ಉಸಿರಿನಲ್ಲಿ ಟಿಕ್ ಹಾಕಿ ಮುಗಿಸಿದ್ದ. ಏಳನೆಯ ಸಂಚಿಕೆ ಬರಲಿಲ್ಲ. ಟಿಕ್ ಇದ್ದ ಕಾರಣ ಅದು ಬಂದಿಲ್ಲ ಎಂಬುದು ಅವನಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಆ ದಿನ ಬೆಳಿಗ್ಗೆ, ಅದೂ ಮಣ್ಣಿನ ಪ್ರೊಫೆಸರರ ಮುಂದೆ. ಆ ದಿನವೇ ಆಗಬೇಕೇ? ಮೂರು ವರ್ಷ ಹಂಗಾಮಿಯಾಗಿ ದುಡಿದ ಹಾಜರಿಯನ್ನು ಖಾಯಂ ಮಾಡುವ ಸಮಿತಿ ಮಧ್ಯಾಹ್ನ ಸೇರುವುದಿತ್ತು. ಅಧ್ಯಕ್ಷರು ಇದೇ ಪ್ರೊಫೆಸರು. ಅವನ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಕಳಿಸಿದ್ದಳು. ಗಂಡ ಖಾಯಂ ಆದನೆಂದು ನಿನ್ನೆಯೇ ಇಡೀ ಬೀದಿಗೆ ಹೇಳಿಯೂ ಆಗಿತ್ತು. ಬರುವ ದಾರಿಯಲ್ಲಿ ನಾಲ್ಕು ಜನ ಅವನ ಕೈ ಕುಲುಕಿದ್ದರು.

ಪ್ರೊಫೆಸರು ಕೌಂಟರಿನ ಮೇಲಿದ್ದ ಕಾರ್ಡುಗಳ ಟ್ರೇಯನ್ನು ತಾವೇ ಕೆದಕಿ ಕಾರ್ಡೊಂದನ್ನು ಹೊರಗೆಳೆದರು. ಉಳಿದ ಚೌಕಗಳ ಕಡೆ ನೋಡದೆ ಏಳನೆಯದರ ಮೇಲೇ ಕಣ್ಣು ನೆಟ್ಟ ಅವರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

“ಏಳನೇ ಸಂಚಿಕೆ ಬಂದಿದೆಯೇನಯ್ಯ?”

ಹಾಜರಿ ಕಾರ್ಡಿನ ಮೇಲಿನ ಟಿಕ್ ನೋಡಿದ. “ಬಂದಿದೆ ಸಾರ್.”

“ಸರಿಯಾಗಿ ನೋಡಿ ಹೇಳು. ನಿಜವಾಗ್ಲೂ ಬಂದಿದೆಯಾ?”

“ಕಾರ್ಡಲ್ಲಿ ಟಿಕ್ ಇದೆಯಲ್ಲ ಸಾರ್. ಬಾರದೇ ಇದ್ರೆ ನಾನು ಹಾಕ್ತೀನಾ?”

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನು ರ‍್ಯಾಕಿನ ಕಡೆ ನೋಡಿದ. ಅಲ್ಲಿ ಇನ್ನೂ ಆರನೆಯ ಸಂಚಿಕೆಯೇ ನಿಂತಿತ್ತು. ವರ್ಷದ ಮೊದಲ ದಿನ ತಾನು ಮಾಡಿದ ಧಾರಾಳ ಆಗ ನೆನಪಾಯಿತು. ಬಂದಿಲ್ಲ ಎಂದರೆ ಸುಳ್ಳು ಲೆಕ್ಕ ಬರೆದವನು. ಬಂದಿದೆ ಎಂದರೆ ಕದ್ದವನು. ಎರಡರ ನಡುವೆ ಮೂರನೆಯ ದಾರಿ ಹುಡುಕಿ, ಯಾರೋ ಓದಲು ತೆಗೆದುಕೊಂಡಿರಬೇಕು ಎಂದ.

ಪ್ರೊಫೆಸರು ಕೌಂಟರಿನ ಮೇಲೆ ಬಗ್ಗಿ ದನಿ ತಗ್ಗಿಸಿದರು. “ಸಿಕ್ಕಿದ ಕೂಡ್ಲೇ ನನಗೆ ತಂದುಕೊಡು. ಬೇರೆ ಯಾರ ಕೈಗೂ ಕೊಡಬೇಡ. ತಿಳೀತಾ?”

ಅವರು ಹೋದ ಮೇಲೆ ಅಟೆಂಡರ್ ಬಂದು ಅರ್ಥ ಬಿಡಿಸಿದ. ಈ ಅಟೆಂಡರ್ ಬೇರೆಯವರ ಕಾಗದಗಳನ್ನು ಬೆಳಕಿಗೆ ಹಿಡಿದು ನೋಡಿಯೇ ಮೇಜಿಗೆ ತಲುಪಿಸುವವನು. ಆರು ತಿಂಗಳ ಹಿಂದೆ ಪ್ರೊಫೆಸರರ ಲೇಖನ ಆ ಪತ್ರಿಕೆಯಲ್ಲಿ ಬಂದಾಗ ಇಡೀ ವಿಭಾಗಕ್ಕೆ ಕಾಫಿ ಕೊಡಿಸಿದ್ದರಂತೆ. ಈಗ ಇನ್ನೊಂದು ಬಂದಿರಬೇಕು, ಪಾಪ, ಅಚ್ಚಿನಲ್ಲಿ ನೋಡುವ ಆಸೆ ಎಂದ. ಅಷ್ಟಕ್ಕೇ ಬಿಡದೆ ಗ್ರಂಥಪಾಲಕಿಯ ಕೋಣೆಗೂ ಸುದ್ದಿ ಮುಟ್ಟಿಸಿದ.

ಗ್ರಂಥಪಾಲಕಿ ಒಂದು ಪುಸ್ತಕ ತಲೆಕೆಳಗಾಗಿ ನಿಂತಿದ್ದರೂ ಊಟ ಸೇರದ ಹೆಂಗಸು. ಹತ್ತು ದಿನದ ಸಂಬಳದ ಸಂಚಿಕೆ ಕಾಣೆ ಎಂದರೆ ಸುಮ್ಮನಿರುತ್ತಾರೆಯೇ? ಬಾಗಿಲು ಹಾಕಿಸಿದರು. ರ‍್ಯಾಕುಗಳ ಹಿಂದೆ, ಹಳೆಯ ಕಟ್ಟುಗಳ ಅಡಿಯಲ್ಲಿ, ಕುರ್ಚಿಗಳ ಕೆಳಗೆ ಎಲ್ಲ ಹುಡುಕಿಸಿದರು. ಇಲ್ಲದ ವಸ್ತುವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಹುಡುಕಿದವನು ಹಾಜರಿ. ಇಸ್ತ್ರಿಯ ಅಂಗಿ ಒರೆಸುವ ಬಟ್ಟೆಯಂತಾಯಿತು.

ಕಿಟಕಿಯ ಪಕ್ಕದ ಮೇಜಿನಲ್ಲಿ ಸ್ಟೇಷನ್ ತಾತ ಕೂತಿದ್ದರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ ಎಂದು ವಿಶೇಷ ಅನುಮತಿ ಪಡೆದು ದಿನಾ ಬಂದು ಪತ್ರಿಕೆ ಓದುತ್ತಿದ್ದರು. ಅಟೆಂಡರನ ಕಣ್ಣು ಅವರ ಬಟ್ಟೆಯ ಚೀಲದ ಮೇಲೆ ಬಿತ್ತು. ಮೊನ್ನೆ ತಾತ ಅಂಥದೇ ಒಂದು ಹಿಡಿದುಕೊಂಡಿದ್ದನ್ನು ತಾನು ನೋಡಿದೆ ಎಂದ. ನೋಡಿರಲಿಲ್ಲ, ಆದರೆ ಹುಡುಕಿ ಹುಡುಕಿ ಅವನಿಗೂ ಬೇಸರ ಬಂದಿತ್ತು.

ಗ್ರಂಥಪಾಲಕಿ ಸಂಕೋಚದಿಂದಲೇ, ಎಲ್ಲರ ಚೀಲವನ್ನೂ ನೋಡುತ್ತಿದ್ದೇವೆ ಎಂದರು. ಅಲ್ಲಿ ಇದ್ದದ್ದು ಒಂದೇ ಚೀಲ. ತಾತ ಅದನ್ನು ತಾವೇ ಮೇಜಿನ ಮೇಲೆ ಸುರಿದರು. ಕನ್ನಡಕದ ಡಬ್ಬಿ, ನೀರಿನ ಬಾಟಲಿ, ಬಿಸ್ಕತ್ತಿನ ಪೊಟ್ಟಣ, ಗೋಂದಿನ ಟ್ಯೂಬು, ತೆಳು ಕಾಗದದ ಒಂದಿಷ್ಟು ಪಟ್ಟಿ. ಗೋಂದು ಯಾಕೆ ಎಂದು ಅಟೆಂಡರ್ ಪೊಲೀಸಿನವನ ಹಾಗೆ ಕೇಳಿದ. ಪತ್ರಿಕೆಗಳ ಪುಟ ಹರಿದಿದ್ದರೆ ಅಂಟಿಸುತ್ತೇನೆ, ಯಾರೂ ಮಾಡುವುದಿಲ್ಲವಲ್ಲ ಎಂದರು ತಾತ. ಆಮೇಲೆ ಎದ್ದು ನಿಂತು ಅಂಗಿಯ ಜೇಬನ್ನೂ ಒಳಗಿನಿಂದ ಹೊರಗೆ ತಿರುವಿ ತೋರಿಸಿದರು.

“ಇನ್ನೇನಾದ್ರೂ ನೋಡೋದಿದೆಯೇನಮ್ಮ?”

ಹಾಜರಿ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಗಂಟಲವರೆಗೆ ಬಂದು, ಮಧ್ಯಾಹ್ನದ ಸಮಿತಿಯನ್ನು ನೆನೆದು ವಾಪಸು ಇಳಿಯಿತು. ತಾತ ಸಾಮಾನು ತುಂಬಿಕೊಂಡು ಹೊರಟಾಗ ಅವನು ರ‍್ಯಾಕಿನ ಕಡೆ ಮುಖ ಮಾಡಿ, ನೆಟ್ಟಗಿದ್ದ ಪತ್ರಿಕೆಗಳನ್ನೇ ಮತ್ತೆ ನೆಟ್ಟಗೆ ಮಾಡುತ್ತಿದ್ದ.

ಇನ್ನು ತಡೆಯಲಾಗಲಿಲ್ಲ. ಹೊಟ್ಟೆ ನೋವೆಂದು ಹೇಳಿ ಅಕ್ಕನ ಹತ್ತಿರ ಓಡಿದ. ಅವನ ಅಕ್ಕ ಊರಿನ ಇನ್ನೊಂದು ಕಾಲೇಜಿನಲ್ಲಿ ಇದೇ ಕೆಲಸದಲ್ಲಿದ್ದಳು. ಅವನಿಗೆ ಕಾರ್ಡು ಹಿಡಿಯುವುದನ್ನು ಕಲಿಸಿದವಳೂ ಅವಳೇ. ಅಲ್ಲಿಗೂ ಆ ಮಾಸಿಕ ಬರುತ್ತಿತ್ತು.

ಅವನು ಹೇಳಿ ಮುಗಿಸುವವರೆಗೆ ಅಕ್ಕ ಕೈಯಲ್ಲಿದ್ದ ಕತ್ತರಿ ಕೆಳಗಿಡಲಿಲ್ಲ.

“ಹುಟ್ಟೋಕೆ ಮುಂಚೆ ಶಾಲೆಗೆ ಸೇರಿಸಿದ ಹಾಗಾಯ್ತಲ್ಲೋ. ಹನ್ನೆರಡಕ್ಕೂ ಒಂದೇ ದಿನ ಟಿಕ್ ಹಾಕೋಕೆ ನಿನಗೆ ಅಷ್ಟೇನು ಅವಸರ ಇತ್ತು?”

“ಬರುತ್ತೆ ಅಂದ್ಕೊಂಡೆ ಅಕ್ಕ.”

“ಬಂದಿಲ್ಲ, ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಆ ಮುದುಕರ ಜೇಬು ತಿರುಗಿಸೋ ತನಕ ಬಾಯಿ ಮುಚ್ಕೊಂಡಿದ್ಯಲ್ಲ, ನಾನು ನಿನಗೆ ಇದನ್ನ ಕಲಿಸಲಿಲ್ಲ ಕಣೋ.”

ಬೈದರೂ ಅಕ್ಕನಿಗೆ ಮನಸ್ಸು ತಡೆಯಲಿಲ್ಲ. ತನ್ನ ಕಾಲೇಜಿಗೆ ಬಂದಿದ್ದ ಏಳನೆಯ ಸಂಚಿಕೆ ಮೇಜಿನ ಮೇಲೇ ಇತ್ತು. ಇನ್ನೂ ಮೊಹರು ಹೊಡೆದಿರಲಿಲ್ಲ. ಪ್ರೊಫೆಸರರಿಗೆ ಓದಲು ಕೊಟ್ಟು ಸಂಜೆಗೆ ವಾಪಸು ತರಬೇಕು, ಸಂಜೆಯೇ ಹೋಗಿ ಆ ತಾತನ ಹತ್ತಿರ ನಿಜ ಹೇಳಬೇಕು, ಈ ಎರಡು ಮಾತಿಗೆ ಒಪ್ಪಿಸಿ ಕೊಟ್ಟಳು. ಬಾಗಿಲವರೆಗೆ ಬಂದು, ಇದು ನಮ್ಮದು, ಜೋಪಾನ ಎಂದು ಮತ್ತೊಮ್ಮೆ ಹೇಳಿದಳು.

ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ಎದೆಗವಚಿ ತಂದ. ತನ್ನ ಮೇಜಿಗೆ ಬಂದು ಕೂತು ಬೆವರು ಒರೆಸಿಕೊಂಡ. ಮುಂದಿನದು ಅವನು ಮಾಡಿದ್ದಲ್ಲ, ಅವನ ಕೈ ಮಾಡಿದ್ದು. ಎದುರಿಗೆ ಹೊಸ ಸಂಚಿಕೆ, ಬಲಗಡೆ ಶಾಯಿಯ ಪ್ಯಾಡು. ಕೈ ತಾನಾಗಿ ಹೋಗಿ ಮೊಹರು ಎತ್ತಿತು. ಮುಖಪುಟಕ್ಕೊಂದು, ವಿಷಯಸೂಚಿಗೊಂದು, ಕೊನೆಯ ಪುಟಕ್ಕೊಂದು. ಟಪ್, ಟಪ್, ಟಪ್. ಮೂರನೆಯದರ ಸದ್ದಿಗೆ ಅವನಿಗೆ ಎಚ್ಚರವಾಯಿತು. ಅಕ್ಕನ ಕಾಲೇಜಿನ ಸಂಚಿಕೆಯ ಮೇಲೆ ಅವನ ಕಾಲೇಜಿನ ಹೆಸರು ನೇರಳೆ ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು.

ಅಳುವುದಕ್ಕೂ ಬಿಡುವಿರಲಿಲ್ಲ. ಅಟೆಂಡರ್ ಬಂದು ಸಮಿತಿ ಕರೆಯುತ್ತಿದೆ ಎಂದ.

ಗ್ರಂಥಪಾಲಕಿಯ ಕೋಣೆಯಲ್ಲಿ ಮೂವರಿದ್ದರು. ನಡುವೆ ಪ್ರೊಫೆಸರು, ಆಚೆ ಗ್ರಂಥಪಾಲಕಿ, ಈಚೆ ಫೈಲಿನ ಹಿಂದೆ ಅರ್ಧ ಮರೆಯಾದ ಆಡಳಿತಾಧಿಕಾರಿ. ಸಿಕ್ಕಿದ್ದನ್ನು ತಮಗೊಬ್ಬರಿಗೇ ತಂದುಕೊಡು ಎಂದು ಪ್ರೊಫೆಸರು ಹೇಳಿದ್ದು ಆ ಗಾಬರಿಯಲ್ಲಿ ಹಾಜರಿಗೆ ಮರೆತೇ ಹೋಗಿತ್ತು. ಎಲ್ಲರ ಎದುರಿಗೆ ಕೊಟ್ಟರೆ ತನಗೂ ಶೋಭೆ, ಅವರಿಗೂ ಸಂತೋಷ ಎಂದುಕೊಂಡು ಸಂಚಿಕೆಯನ್ನು ಮೇಜಿನ ನಟ್ಟನಡುವೆ ಇಟ್ಟ.

“ಸಿಕ್ತು ಸಾರ್. ಏಳನೇ ಸಂಚಿಕೆ.”

ಪ್ರೊಫೆಸರು ಕುರ್ಚಿಯಿಂದ ಎದ್ದೇಬಿಟ್ಟರು.

“ಸಿಗೋಕೆ ಹೇಗೆ ಸಾಧ್ಯ? ಅದು ನನ್ನ ಬೀರುವಿನಲ್ಲಿದೆ.”

ಪ್ರೊಫೆಸರು ನಿಧಾನವಾಗಿ ಕೂತರು. ಆಡಿದ ಮಾತನ್ನು ನುಂಗಲು ಮೇಜಿನ ಮೇಲಿದ್ದ ನೀರು ಕುಡಿದರು. ಅದು ಗ್ರಂಥಪಾಲಕಿಯ ಲೋಟ.

ಗ್ರಂಥಪಾಲಕಿ ಸಂಚಿಕೆ ಎತ್ತಿಕೊಂಡು ವಿಷಯಸೂಚಿಯ ಮೇಲೆ ಬೆರಳಾಡಿಸಿದರು. ಪುಟ ತಿರುವಿದರು. ಒಂದು ಕಡೆ ಬೆರಳು ನಿಂತಿತು. ಮೊದಲ ಎರಡು ಸಾಲು ಗಟ್ಟಿಯಾಗಿ ಓದಿ, ಮೂರನೆಯದಕ್ಕೆ ದನಿ ಇಳಿಸಿ, ನಾಲ್ಕನೆಯದನ್ನು ಮನಸ್ಸಿನಲ್ಲೇ ಓದಿಕೊಂಡರು. ಆರು ತಿಂಗಳ ಹಿಂದೆ ಪ್ರಕಟವಾದ ಪ್ರೊಫೆಸರರ ಲೇಖನ ಮತ್ತೊಬ್ಬರ ಬರಹದಿಂದ ಎತ್ತಿದ್ದೆಂದು ಖಚಿತವಾಗಿ, ಸಂಪಾದಕರು ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ಈ ಪುಟ ಬರುವುದು ಸಂಪಾದಕರ ಕಾಗದದಿಂದ ಪ್ರೊಫೆಸರರಿಗೆ ಮೊದಲೇ ತಿಳಿದಿತ್ತು. ಆಫೀಸಿನ ಅಂಚೆಯ ಚೀಲದಿಂದ ಸಂಚಿಕೆಯನ್ನು ತಾವೇ ಎತ್ತಿ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಆದರೂ ಕಾರ್ಡಿನಲ್ಲಿ ಟಿಕ್ ಕಂಡು, ಇನ್ನೊಂದು ಪ್ರತಿ ಎಲ್ಲಿಂದಲೋ ಬಂದಿದೆ ಎಂದು ಬೆಳಿಗ್ಗೆಯಿಂದ ಬೇಯುತ್ತಿದ್ದರು. ಅಂದರೆ ಹಾಜರಿ ಬೆಳಿಗ್ಗೆಯೇ ತಪ್ಪೊಪ್ಪಿಕೊಂಡು ‘ಬಂದಿಲ್ಲ ಸಾರ್’ ಎಂದಿದ್ದರೆ, ಆ ಊರಿನಲ್ಲಿ ಅವನನ್ನು ಅಪ್ಪಿಕೊಳ್ಳುವ ಒಬ್ಬನೇ ಒಬ್ಬ ಮನುಷ್ಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತಿರುತ್ತಿದ್ದ.

“ಅವರ ಬೀರುವಿನಲ್ಲಿರೋದು ನಮ್ಮದು,” ಗ್ರಂಥಪಾಲಕಿ ಹಾಜರಿಯ ಕಡೆ ತಿರುಗಿದರು. “ನಾವು ತರಿಸೋದು ಒಂದೇ. ಹಾಗಾದ್ರೆ ಇದು ಯಾರದಪ್ಪ?”

ಹಾಜರಿ ಎಲ್ಲ ಹೇಳಿದ. ಟಿಕ್ಕಿನದು, ಅಕ್ಕನದು, ಮೊಹರಿನದು. ಹೇಳುವಾಗ ಅವನ ದೃಷ್ಟಿ ಪ್ರೊಫೆಸರರ ದೃಷ್ಟಿಗೆ ಒಮ್ಮೆ ತಾಗಿತು. ಒಂದೇ ಹಳ್ಳಕ್ಕೆ ಬೇರೆ ಬೇರೆ ಕಡೆಯಿಂದ ಬಿದ್ದ ಇಬ್ಬರು ನೋಡಿಕೊಂಡಂತೆ ನೋಡಿ, ಇಬ್ಬರೂ ಬೇರೆ ಕಡೆ ತಿರುಗಿದರು. ತಾತನ ಹೆಸರು ಬಂದಾಗ ಗ್ರಂಥಪಾಲಕಿ ಸಹ ಕನ್ನಡಕ ತೆಗೆದು ಸುಮ್ಮನೆ ಒರೆಸತೊಡಗಿದರು.

ಪ್ರೊಫೆಸರು ಸಮಿತಿಗೆ ರಾಜೀನಾಮೆ ಬರೆದುಕೊಟ್ಟು ಹಿಂಬಾಗಿಲಿನಿಂದ ಹೋದರು. ಆಡಳಿತಾಧಿಕಾರಿ ಆಗ ಮೊದಲ ಸಲ ಬಾಯಿ ತೆರೆದರು. ಅಧ್ಯಕ್ಷರಿಲ್ಲದೆ ಸಮಿತಿ ನಡೆಯುವಂತಿಲ್ಲ. ಹೊಸ ಅಧ್ಯಕ್ಷರು ಬರುವವರೆಗೆ ಯಾರನ್ನೂ ಖಾಯಂ ಮಾಡುವಂತಿಲ್ಲ. ಬಂದವರು ಈ ಟಿಕ್ಕಿನ ವಿಚಾರವನ್ನೂ ನೋಡುತ್ತಾರೆ. ಇಷ್ಟು ಹೇಳಿ ಫೈಲು ಕಟ್ಟಿದರು.

ಸಂಜೆ ಹಾಜರಿ, ಮೊಹರು ಬಿದ್ದ ಪ್ರತಿಯ ಬದಲಿಗೆ, ಪ್ರೊಫೆಸರರ ಬೀರುವಿನಿಂದ ತೆಗೆಸಿದ ಪ್ರತಿಯನ್ನು ಅಕ್ಕನಿಗೆ ಒಯ್ದುಕೊಟ್ಟ. ಅವಳು ಪುಟ ಎಣಿಸಿ, ಪ್ರೊಫೆಸರರ ಸುದ್ದಿಯಿದ್ದ ಪುಟವನ್ನು ಬ್ಲೇಡಿನಿಂದ ಕೊಯ್ದದ್ದು ಕಂಡು, ತನ್ನ ಕಾರ್ಡಿನಲ್ಲಿ ‘ಒಂದು ಪುಟ ಇಲ್ಲ’ ಎಂದು ಬರೆದುಕೊಂಡಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಾಯಾಗುತ್ತಿತ್ತು.

ಅಲ್ಲಿಂದ ತಾತನ ಮನೆಗೆ ಹೋದ. ತಾತ ಜಗಲಿಯ ಮೇಲೆ, ಮೊಮ್ಮಕ್ಕಳ ಗದ್ದಲದ ನಡುವೆ ಕೂತಿದ್ದರು. ಪೂರ್ತಿ ಕೇಳಿಸಿಕೊಂಡರು. ಕುಡಿಯಲು ನೀರು ತರಿಸಿ ಕೊಟ್ಟರು.

“ತಪ್ಪು ಎಲ್ರೂ ಮಾಡ್ತಾರೆ, ಹೋಗ್ಲಿ ಬಿಡಪ್ಪ. ಆದ್ರೆ ನನ್ನ ಚೀಲ ಸುರಿಯುವಾಗ ನಿನಗೆ ಗೊತ್ತಿತ್ತಲ್ಲ, ಅದೊಂದು ಮನಸ್ಸಿನಿಂದ ಹೋಗ್ತಿಲ್ಲ. ಇನ್ನು ನಾನು ಅಲ್ಲಿಗೆ ಬರಲ್ಲ.”

ಗ್ರಂಥಾಲಯಕ್ಕೆ ಏಳನೆಯ ಸಂಚಿಕೆ ಪೂರ್ತಿ ಪುಟಗಳೊಂದಿಗೆ ದಕ್ಕಿತು. ಹಾಜರಿ ಹಂಗಾಮಿಯಾಗಿಯೇ ಉಳಿದ. ಕಿಟಕಿಯ ಪಕ್ಕದ ಮೇಜು ಖಾಲಿಯಾಯಿತು.