ದಾಡಿ ಬ್ರಶ್ಶಿಗೆ ಕೆನೆಹಾಲಿನ ಉಪಚಾರ

ಗಟ್ಟಿಯಾದದ್ದು ಯಾವುದೇ ಇರಲಿ, ಅದನ್ನು ಮೆತ್ತಗೆ ಮಾಡುವ ವಿದ್ಯೆ ನನಗೆ ಒಲಿದಿದೆ ಎಂದು ನಾನು ನಂಬಿದ್ದ ಕಾಲವದು. ಕಟಕ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ, ಹಲ್ಲು ಹೋದ ಅತ್ತೆಯವರಿಗೆ ಉಣ್ಣಿಸಿದವಳು ನಾನು. ಗಂಜಿ ಹಾಕಿದ ಹೊಸ ಸೀರೆಯನ್ನು ಒಂದೇ ಒಗೆತಕ್ಕೆ ಹಳೆಯ ಸೀರೆಯಂತೆ ಮಾಡಿದವಳೂ ನಾನೇ. ಹೀಗಿರುವಾಗ ಒಂದು ಚಿಟಿಕೆ ಕೂದಲು ನನಗೆ ಯಾವ ಲೆಕ್ಕ?

ಆ ಕೂದಲು ಇದ್ದದ್ದು ನಮ್ಮ ಮನೆಯವರ ದಾಡಿ ಬ್ರಶ್ಶಿನಲ್ಲಿ. ಅವರು ಬೈಲಹೊಂಗಲದ ಕೋರ್ಟಿನಲ್ಲಿ ವಕೀಲರು. ದಾಡಿ ಮಾಡುವ ನಾವಲಿಗ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವನು ಬರುವ ಹೊತ್ತಿಗೆ ಇವರ ಗಲ್ಲ ಜೋಳ ಕೊಯ್ದ ಹೊಲದಂತೆ ಆಗಿರುತ್ತಿತ್ತು. ಹೊಸದಾಗಿ ಬಂದ ಮುನಸೀಫ ಸಾಹೇಬರಾದರೋ ದಿನಾಲು ನುಣ್ಣಗೆ ದಾಡಿ ಮಾಡಿಕೊಂಡು ಕುಳಿತುಕೊಳ್ಳುವವರು. "ನೀವೂ ಮನಿಯಾಗ ಮಾಡ್ಕೋರಿ" ಎಂದು ಸಲಹೆ ಕೊಟ್ಟವಳು ನಾನೇ. ಕಾನ್ವೆಂಟಿನಲ್ಲಿ ಓದಿದವಳ ಮಾತೆಂದು ಅವರು ಬೆಳಗಾವಿಗೆ ಹೋಗಿ ದಾಡಿ ಕೆರೆಯುವ ವಸ್ತರಾ, ಸಾಬಾನು, ಬ್ರಶ್ಶು ಎಲ್ಲ ತಂದರು.

ಮೊದಲ ದಿನ ನೊರೆ ಏಳುವ ಮೊದಲೇ ಗಲ್ಲ ಕೆಂಪಾಯಿತು. ಕೋರ್ಟಿನಲ್ಲಿ ಸಾಹೇಬರು ವಾದವನ್ನು ನಡುವೆ ನಿಲ್ಲಿಸಿ, ಜೇನುಹುಳ ಕಚ್ಚಿದವೇ ಎಂದು ವಿಚಾರಿಸಿದರಂತೆ.

"ಗಿರಿಜಾ, ಇದು ದಾಡಿ ಬ್ರಶ್ಶಲ್ಲ, ಹಂಚು ತಿಕ್ಕೂದು," ಎಂದು ಸಂಜೆ ಮನೆಗೆ ಬಂದವರೇ ಅದನ್ನು ಕಟ್ಟೆಯ ಮೇಲೆ ಇಟ್ಟರು. "ನಾ ಮತ್ತ ನಾವಲಿಗನ ಕೈಯಾಗ ಗಲ್ಲಾ ಕೊಡತೇನಿ."

ಅತ್ತೆಯವರು ಪುಟ್ಟ ಒರಳಿನಲ್ಲಿ ಎಲೆಅಡಕೆ ಕುಟ್ಟುತ್ತ, ತಲೆ ಎತ್ತದೆಯೇ ಹೇಳಿದರು: "ಅಷ್ಟು ವರ್ಷ ಸಾಲಿ ಕಲ್ತು, ಗಂಡನ ಮಾರಿ ಕೆತ್ತಸೂದೊಂದ ಕಲ್ತು ಬಂದ್ಯಲ್ಲವ್ವಾ."

ಮಾತು ನಾಟಿತು. ಇನ್ನು ಪ್ರಶ್ನೆ ಗಲ್ಲದ್ದಲ್ಲ, ನಾನು ಕಲಿತ ವಿದ್ಯೆಯ ಮಾನದ್ದು.

"ಒಂದೀಟು ತಡಕೋರಿ," ಎಂದೆ ಇವರಿಗೆ. "ರೇಶಿಮಿ ಮಾಡಿ ಕೊಡತೇನಿ."

ಮೊದಲನೆಯ ಪ್ರಯೋಗ ಸೀಗೆಪುಡಿಯದು. ನನ್ನ ಜಡೆಗೆ ಆಗಿಬಂದದ್ದು ಬ್ರಶ್ಶಿಗೆ ಏಕೆ ಆಗದು? ಬಿಸಿನೀರಿನಲ್ಲಿ ಕದಡಿ, ಬ್ರಶ್ಶನ್ನು ಅದರಲ್ಲಿ ಮುಳುಗಿಸಿಟ್ಟೆ. ಬೆಳಿಗ್ಗೆ ನೋಡಿದರೆ ಒಂದೊಂದು ಕೂದಲು ಒಂದೊಂದು ದಿಕ್ಕಿಗೆ ನಿಂತು, ನಾಯಿಯನ್ನು ಕಂಡ ಬೆಕ್ಕಿನ ಬಾಲದಂತಾಗಿತ್ತು. ಬುಡದಲ್ಲಿ ಉಳಿದ ಪುಡಿ ಇವರ ಕಣ್ಣಿಗೆ ಹೋಯಿತು. ಅಂದು ಅವರು ದಳದಳ ಕಣ್ಣೀರು ಸುರಿಸುತ್ತ ವಾದ ಮಾಡಿದರು. ಕಕ್ಷಿದಾರನಿಗೆ ಮಾತ್ರ ತನ್ನ ವಕೀಲರ ಮೇಲೆ ಎಲ್ಲಿಲ್ಲದ ಭಕ್ತಿ ಬಂತು.

ಎರಡನೆಯದು ಬೆಣ್ಣೆ. ಸವರಿ ಕಿಟಕಿಯಲ್ಲಿ ಇಟ್ಟು ಈ ಕಡೆ ತಿರುಗುವಷ್ಟರಲ್ಲಿ ಬ್ರಶ್ಶು ಮಾಯ. ಹುಡುಕಿದರೆ, ಜೋಳದ ಚೀಲದ ಹಿಂದೆ ನಮ್ಮ ಬೆಕ್ಕು ಅದನ್ನು ಎರಡೂ ಮುಂಗಾಲಲ್ಲಿ ಹಿಡಿದು, ಕಣ್ಣು ಮುಚ್ಚಿ ನೆಕ್ಕುತ್ತಿತ್ತು. ಅಷ್ಟು ಸ್ವಚ್ಛವಾಗಿ ನಾನೂ ತೊಳೆದಿರಲಿಲ್ಲ. ಮರುದಿನ ಇವರು ಅದನ್ನೇ ಮುಖಕ್ಕೆ ಹಚ್ಚಿಕೊಂಡರು. ವಿಜ್ಞಾನದಲ್ಲಿ ಕೆಲವು ವಿವರಗಳು ಪ್ರಯೋಗ ಮಾಡಿದವರಲ್ಲಿಯೇ ಉಳಿಯಬೇಕು.

ಮೂರನೆಯದು ಕೆನೆಹಾಲು. ಅತ್ತೆಯವರು ಮಧ್ಯಾಹ್ನ ಕಣ್ಣು ಮುಚ್ಚಿದೊಡನೆ ಕಂಚಿನ ಬಟ್ಟಲಲ್ಲಿ ಕೆನೆಹಾಲು ಬೆಚ್ಚಗೆ ಮಾಡಿ ಬ್ರಶ್ಶನ್ನು ನೆನೆಸುವುದು, ಆಮೇಲೆ ಅಂಗೈ ಮೇಲೆ ಸಾಬಾನಿನ ನೊರೆ ಮಾಡಿ ಗರಗರ ತಿರುಗಿಸುವುದು, ತೊಳೆದು ಗೋಡೆಯ ಮೊಳೆಗೆ ತಲೆಕೆಳಗಾಗಿ ತೂಗುಹಾಕುವುದು. ದಿನ ಕಳೆದಂತೆ ಒಂದು ಸಂಗತಿ ಕಂಡೆ. ಬಿಸಿಲಿಗೆ ಹಿಡಿದರೆ ಒಂದೊಂದು ಕೂದಲ ತುದಿಯೂ ಸೀಳಿ, ಸಣ್ಣ ಹುಲ್ಲಿನ ತೆನೆಯಂತೆ ಅರಳಿತ್ತು. ಅಂಗೈ ಮೇಲೆ ಎಳೆದರೆ ಚುಚ್ಚುತ್ತಲೇ ಇರಲಿಲ್ಲ.

"ಗಿರಿಜಾ, ಇದು ಅದ ಬ್ರಶ್ಶೇನ?" ಎಂದರು ಇವರು, ನೊರೆಯ ಒಳಗಿನಿಂದ.

"ಅದ ರೀ."

ಅಂದು ಸಾಹೇಬರು ಇವರ ಮುಖ ನೋಡಿ ಏನೂ ಕೇಳಲಿಲ್ಲವಂತೆ. ಇದಕ್ಕಿಂತ ದೊಡ್ಡ ಜಯ ಯಾವುದು?

ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಪಾರವ್ವ ಬಂದಾಗ, ಅತ್ತೆಯವರು ತಾವಾಗಿಯೇ ಬ್ರಶ್ಶು ತರಿಸಿದರು. ತಮ್ಮ ಸುಕ್ಕುಗಲ್ಲದ ಮೇಲೆ ಅದನ್ನು ಮೆಲ್ಲಗೆ ಆಡಿಸುತ್ತ ಹೇಳಿದರು: "ನೋಡ ಪಾರವ್ವಾ, ಮೊಲದ ಮರಿ ಆಗೇತಿ. ನನ್ನ ಸೊಸಿ ಕೈಯಾಗ ಕಲ್ಲು ಕೊಡು, ಮೆತ್ತಗ ಮಾಡತಾಳ. ಸಾಲಿ ಕಲ್ತಾಕಿ ಅಂದ್ರ ಹಿಂಗಿರಬೇಕ ನೋಡು."

ಆ ಮಾತಿಗಾಗಿ ನಾನು ಮದುವೆಯಾದಾಗಿನಿಂದ ಕಾದಿದ್ದೆ. ಕಿವಿಯ ತನಕ ಬಿಸಿಯಾಯಿತು.

"ಯಾವ ಕೂದಲವ್ವಾ ಇದು? ಕುದ್ರೀದೇನ?" ಎಂದಳು ಪಾರವ್ವ.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ಹಿಡಿಕೆಯ ಮೇಲೆ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ನಾನು ಮೊದಲ ದಿನವೇ ಓದಿದ್ದೆ, ಯಾರೂ ಕೇಳಿರಲಿಲ್ಲ. ಪಾಠ ಒಪ್ಪಿಸುವ ಹುಡುಗಿಯಂತೆ ನೆಟ್ಟಗೆ ನಿಂತು, ಸ್ಪಷ್ಟವಾಗಿ ಹೇಳಿದೆ: "ಕುದ್ರೀದಲ್ಲ, ಹಂದೀದು. ಶುದ್ಧ ಹಂದಿ ಕೂದಲಾ ಅಂತ ಇಲ್ಲೇ ಬರದೈತಿ."

ಲಿಂಗಪೂಜೆಯಾಗದೆ ಒಂದು ಗುಟುಕು ನೀರನ್ನೂ ಮುಟ್ಟದ ಅತ್ತೆಯವರ ಕೈ, ಗಲ್ಲದ ಮೇಲೆ ಇದ್ದಲ್ಲಿಯೇ ನಿಂತಿತು. ಪಾರವ್ವ ಸೆರಗು ಸುತ್ತಿಕೊಂಡು ಹಿಂದಹಿಂದಕ್ಕೆ ಸರಿದು ಹೊಸ್ತಿಲು ದಾಟಿದಳು.

"ಎದರಾಗ ನೆನಿ ಇಟ್ಟಿದ್ದಿ?" ಅತ್ತೆಯವರ ದನಿ ಸಣ್ಣಗಿತ್ತು.

"ಕೆನಿಹಾಲಿನ್ಯಾಗ."

"ಬಟ್ಟಲಾ ಯಾವುದು?"

"ಕಂಚಿಂದು."

"ಅದರಾಗ ನಾ ನಿನ್ನಿ ಮಜ್ಜಿಗಿ ಕುಡದೇನಿ."

"ತೊಳದಿದ್ದೆ ಅತ್ತೀ."

ಈ ಸಮಾಧಾನ ಸಾಲಲಿಲ್ಲ! ಅಡುಗೆಮನೆಯ ಸಮಸ್ತ ಪಾತ್ರೆಗಳೂ ಹಿತ್ತಲಿಗೆ ನಡೆದವು. ಹುಣಸೆಹಣ್ಣು, ಬೂದಿ ಹಿಡಿದು ನಾನು ತಿಕ್ಕತೊಡಗಿದೆ. ಅತ್ತೆಯವರು ಸ್ನಾನ ಮಾಡಿ, ಆ ಗಲ್ಲಕ್ಕೆ ಕಿವಿಯ ತನಕ ವಿಭೂತಿ ಬಳಿದುಕೊಂಡರು. ಅಷ್ಟರಲ್ಲಿ ಕೋರ್ಟಿನಿಂದ ಅವರ ಮಗ ಬಂದ.

"ಅಲ್ಲೇ ನಿಂದ್ರು. ಅದು ಹಂದೀದು ಅಂತ ನಿನಗ ಗೊತ್ತಿತ್ತೇನ?"

ಮಾತಿನಿಂದಲೇ ಹೊಟ್ಟೆ ಹೊರೆಯುವ ನಮ್ಮ ವಕೀಲರು ಸ್ವಂತ ಮೊಕದ್ದಮೆಯಲ್ಲಿ ಒಂದು ಶಬ್ದವನ್ನೂ ಆಡಲಿಲ್ಲ. ಕೋಟು, ರುಮಾಲು ಸಮೇತ ಅವರ ತಲೆಯ ಮೇಲೆ ಒಂದು ಕೊಡ ನೀರು ಬಿತ್ತು. ರೇಶಿಮೆಯಂಥ ನನ್ನ ಬ್ರಶ್ಶು ತಿಪ್ಪೆಗೆ ಹೋಯಿತು.

ಮತ್ತೆ ನಾವಲಿಗ ಬಂದ. ಮತ್ತೆ ವಾರದ ಕೊನೆಗೆ ಜೋಳ ಕೊಯ್ದ ಹೊಲ. ಸಾಹೇಬರು, ಮನೆಯಲ್ಲಿ ಏನಾದರೂ ಅಶುಭವಾಯಿತೇ ಎಂದು ಕೇಳಿದರಂತೆ. ಮಗ ಈ ಸುದ್ದಿ ಹೇಳಿದ ರಾತ್ರಿ ಅತ್ತೆಯವರು ಸರಿಯಾಗಿ ಉಣ್ಣಲಿಲ್ಲ.

ಕೆಲವು ದಿನಗಳ ಮೇಲೆ ಅವರು ನನ್ನನ್ನು ಹಿತ್ತಲಿಗೆ ಕರೆದರು. ಒಂದು ಮಣ್ಣಿನ ಬಟ್ಟಲು, ಪಕ್ಕದಲ್ಲಿ ಒಂದು ಹೊಸ ದಾಡಿ ಬ್ರಶ್ಶು. ಮುಟ್ಟಿ ನೋಡಿದೆ, ಹಳೆಯದರ ಖಾಸಾ ತಮ್ಮನಂತೆ ಚುಚ್ಚಿತು. ಅಭ್ಯಾಸಬಲದಿಂದ ಹಿಡಿಕೆ ತಿರುಗಿಸಿದೆ. ಅಕ್ಷರಗಳನ್ನು ಯಾರೋ ಕಲ್ಲಿಗೆ ತಿಕ್ಕಿ ಪೂರ್ತಿ ಅಳಿಸಿದ್ದರು. ಅತ್ತೆಯವರ ಬೆರಳಿಗೆ ಇನ್ನೂ ಕಲ್ಲಿನ ಪುಡಿ ಹತ್ತಿತ್ತು.

"ಇದು ಕುದ್ರೀದು," ಎಂದರು ಅವರು, ನನ್ನ ಮುಖ ನೋಡದೆ. "ಬಟ್ಟಲಾ ಒಳಗ ತರಬ್ಯಾಡ. ಮೊದಲಿನಂಗ ಮೆತ್ತಗ ಮಾಡು. ಪಾರವ್ವನೂ ತನ್ನ ಗಂಡಂದು ಕೊಟ್ಟು ಹೋಗತೇನಿ ಅಂದಾಳ."

ನನ್ನ ವಿದ್ಯೆಯ ಕೀರ್ತಿ ಓಣಿಗೆಲ್ಲ ಹಬ್ಬಿತು ಎಂದು ನಾನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ವರ್ಷಗಟ್ಟಲೆ ಕಷ್ಟಪಟ್ಟು ಕಲಿಸಿದ ಓದೊಂದನ್ನು ಮಾತ್ರ ಪ್ರತಿ ಸಲ ಹಿತ್ತಲ ಬಾಗಿಲಲ್ಲೇ ಬಿಟ್ಟು ಬರಬೇಕಾಗುತ್ತಿತ್ತು, ಅಷ್ಟೆ.