ವಾಯಿದೆ ಪೆಟ್ಟಿಗೆ

ಚಂಬಣ್ಣ ಓಡುತ್ತಿದ್ದ ಎಂಜಿನ್ನಿನ ತಲೆಯ ಮೇಲೆ ಅಂಗೈ ಊರಿ, ಗಿರಣಿಯ ಮುಂದೆ ಸೇರಿದ್ದ ಹೆಂಗಸರನ್ನೆಲ್ಲ ಒಮ್ಮೆ ನೋಡಿದ. ಎಂಜಿನ್ ಚಾಲೂ ಆಗಿ ಒಂದು ತಾಸಾಗಿತ್ತು. ಒಂದು ತಾಸು ಓಡಿದ ಮೇಲೆ ಅದನ್ನು ಮುಟ್ಟುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇರಲಿಲ್ಲ. ಮುಟ್ಟಿದ್ದ ಒಂದು ಬೆಕ್ಕು ಊರನ್ನೇ ಬಿಟ್ಟು ಹೋಗಿತ್ತು.

"ಮುಟ್ಟಿ ನೋಡು ಗಂಗೂ. ತಣ್ಣಗ ಐತಿ."

"ನಾ ಒಲ್ಲೆ," ಎಂದಳು ತಂಗಿ ನೀಲಗಂಗವ್ವ. "ರೊಟ್ಟಿ ಬಡಿಯೋ ಮಷಿನ್ ಮಾಡಿದಾಗನೂ ಹಿಂಗ ಅಂದಿದ್ದಿ. ಆ ರೊಟ್ಟಿ ಇನ್ನೂ ಅಡಗಿಮನಿ ಜಂತಿಗೆ ಅಂಟಿಕೊಂಡೈತಿ."

ಗಿರಣಿ ಅವಳದು. ಹಾವೇರಿ ಕಡೆಯ ಆ ಊರಿಗೆ ಕರೆಂಟು ಮನಸ್ಸು ಬಂದಾಗ ಬರುತ್ತಿತ್ತು. ಹಾಗಾಗಿ ಮೆಣಸಿನಕಾಯಿ ಪುಡಿ ಮಾಡಿಸಲು ಎಲ್ಲರೂ ಅವಳ ಡೀಸೆಲ್ ಎಂಜಿನ್ನಿಗೇ ಬರಬೇಕಿತ್ತು. ಗಂಡ ತೀರಿಕೊಂಡಾಗ, ಹೆಣ್ಣುಮಗಳು ಗಿರಣಿ ನಡೆಸುವುದುಂಟೇ ಎಂದವರ ಕಣ್ಣೆದುರೇ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಿದವಳು ಅವಳು. ಇಪ್ಪತ್ತು ವರ್ಷ ಅದು ಅವಳ ಮಾತು ಮೀರಿರಲಿಲ್ಲ. ನಾಲ್ಕು ವರ್ಷದ ಹಿಂದೆ, ಯುಗಾದಿಯ ಮರುದಿನ, ಇದ್ದಕ್ಕಿದ್ದಂತೆ ಕುದಿಯಿತು. ಅಲ್ಲಿಂದ ಬೆಳಗ್ಗೆ ಹತ್ತಾದರೆ ಸಾಕು, ಕುದಿಯಲು ಶುರು. ರವಿವಾರ ಮತ್ತು ತಿಂಗಳ ಎರಡನೇ ಶನಿವಾರ ಮಾತ್ರ ಮಗುವಿನಂತೆ ಸುಮ್ಮನಿರುತ್ತಿತ್ತು. ದಾದಾಪೀರ್ ಮೇಸ್ತ್ರಿ ಮೂರು ಸಲ ಬಿಚ್ಚಿ ನೋಡಿ, "ಇದರಾಗ ಏನೂ ದೋಷ ಇಲ್ರೀ ಅಕ್ಕಾರ. ಈ ಬಿಸಿ ಇದರದ್ದಲ್ಲ, ಎಲ್ಲಿಂದ ಬರತೈತೋ ತಿಳೀವಲ್ದು" ಎಂದು ಕೈಚೆಲ್ಲಿದ್ದ. ಈ ಸುಗ್ಗಿಯಲ್ಲೂ ಎಂಜಿನ್ ನಡುವೆ ಕೈಕೊಟ್ಟರೆ ಗಿರಣಿಗೆ ಬೀಗ ಹಾಕುವುದೇ ಸರಿ ಎಂದು ನೀಲಗಂಗವ್ವ ನಿಶ್ಚಯಿಸಿಬಿಟ್ಟಿದ್ದಳು. ಅದನ್ನು ನೆನೆದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಅಣ್ಣ ನಿವೃತ್ತನಾಗಿ ಬಂದ. ಮೂವತ್ತೆರಡು ವರ್ಷ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಲೈನರ್ ಹಾಕಿಸಿ, ಎಂಜಿನ್ನಿನ ಪಕ್ಕೆಗೆ ತಗಡಿನ ಪೆಟ್ಟಿಗೆಯೊಂದನ್ನು ಬಿಗಿದ. ಪೆಟ್ಟಿಗೆಯ ಮೇಲೆ ತಾಸು, ದಿನಾಂಕಗಳ ಚಕ್ರ, ಅದಕ್ಕೊಂದು ಮುಳ್ಳು.

"ಬಿಸಿ ಅಂದ್ರ ಒಂದು ಅರ್ಜಿ ಇದ್ದಂಗ," ಎಂದು ಅವನು ಹೆಂಗಸರಿಗೆ ತಿಳಿಸಿ ಹೇಳಿದ. "ಅರ್ಜಿಗೆ ಒಲ್ಲೆ ಅನಬಾರದು. ಮುಂದಿನ ದಿನಾಂಕ ಕೊಟ್ಟು ಕಳಸಬೇಕು. ಇದು ವಾಯಿದೆ ಪೆಟ್ಟಿಗಿ. ಇವತ್ತಿನ ಬಿಸಿಗೆ ಮುಂದಿನ ವಾಯಿದೆ ಕೊಡತೈತಿ. ಕಚೇರಿ ವ್ಯಾಳ್ಯಾದಾಗ ಮಾತ್ರ ಬಟವಾಡೆ. ರಜಾ ದಿನ ಬಂದ್."

"ಮುಳ್ಳು ಹಿಂದಕ್ಕ ತಿರುಗಿಸಿದ್ರ?" ಎಂದು ನೀಲಗಂಗವ್ವ ಕೇಳಿದಳು.

ಚಂಬಣ್ಣನ ಮುಖ ಕೆಂಪಾಯಿತು. "ಹಿಂದಿನ ದಿನಾಂಕ ಹಾಕೂದು ಅಪರಾಧ. ನನ್ನ ಸರ್ವಿಸ್‌ನಾಗ ಒಮ್ಮೆನೂ ಹಾಕಿಲ್ಲ."

ಮೊದಲ ವಾಯಿದೆ ಎರಡು ತಾಸಿನದು. ಮಧ್ಯಾಹ್ನ ಎಂಜಿನ್ ಬಂದ್ ಮಾಡಿದ ಮೇಲೆ, ಪುಡಿ ಮಾಡಿಸಲು ಬಂದಿದ್ದ ಕಲ್ಲವ್ವ ತಂಪಾಗಿದೆಯೆಂದು ಅದಕ್ಕೆ ಒರಗಿ ಎಲೆಅಡಿಕೆ ಹಾಕುತ್ತಿದ್ದಳು. ಬೆಳಗಿನ ಬಿಸಿಯೆಲ್ಲ ಬಂದು ಅವಳ ಬೆನ್ನಿಗೆ ಬಡಿಯಿತು. ನಾಲ್ಕು ವರ್ಷದಿಂದ ಮೊಣಕಾಲು ನೋವೆಂದು ಕುಂಟುತ್ತಿದ್ದವಳು ಬಸ್ ನಿಲ್ದಾಣದವರೆಗೆ ಓಡಿದಳು.

ಚಂಬಣ್ಣ ವಾಯಿದೆಯನ್ನು ಒಂದು ದಿನಕ್ಕೆ ಏರಿಸಿದ. ಇವತ್ತಿನ ಬಿಸಿ ನಾಳೆಗೆ ಹೋಯಿತು, ನಿಜ. ಆದರೆ ಮರುದಿನ ಎಂಜಿನ್ ಓಡುವಾಗಲೇ ನಿನ್ನೆಯದು ಬಂತು. ಮೊದಲು ಕುದಿಯುತ್ತಿದ್ದಷ್ಟೇ ಈಗಲೂ ಕುದಿಯಿತು, ಒಂದು ದಿನ ತಡವಾಗಿ.

"ಗಿರಣಿ ನಡೀದ ದಿನ ಒಂದು ಹೇಳು," ಎಂದ ಅಣ್ಣ.

"ಅಮಾಸಿ ದಿನ ಬಂದ್ ಇರತೈತಿ, ಬರೀ ಪೂಜಿ. ಇಷ್ಟೂ ಗೊತ್ತಿಲ್ಲೇನು ನಿನಗ?" ಎಂದು ನೀಲಗಂಗವ್ವ ಸಿಟ್ಟಿನಲ್ಲಿ ಹೇಳಿದಳು. ಆ ಮಾತು ತನ್ನ ಬಾಯಿಂದಲೇ ಬಂತಲ್ಲ ಎಂದು ಆಮೇಲೆ ಎಷ್ಟೋ ದಿನ ಬಾಯಿ ಬಡಿದುಕೊಂಡಳು. ಮುಳ್ಳು ಶಿವರಾತ್ರಿ ಅಮಾವಾಸ್ಯೆಯ ಮೇಲೆ ಹೋಗಿ ಕೂತಿತು.

ಆಮೇಲಿನ ಇಪ್ಪತ್ತೈದು ದಿನ ಎಂಜಿನ್ ಮಜ್ಜಿಗೆಯ ಗಡಿಗೆ ಇಡುವಷ್ಟು ತಣ್ಣಗಿತ್ತು. ಸುದ್ದಿ ಹಬ್ಬಿ ಮೂರು ಊರಿನ ಮೆಣಸಿನಕಾಯಿ ಅವಳ ಗಿರಣಿಗೆ ಬಂತು. ಚೀಲಗಳು ಮಾಡು ಮುಟ್ಟಿದವು. ನೀಲಗಂಗವ್ವ ಅನ್ನ ಉಂಡಳು. ಆದರೂ ಒಂದು ದಿನ ತಡೆಯಲಾಗದೆ ಕೇಳಿದಳು:

"ಅಣ್ಣಾ, ಆ ಬಿಸಿಯೆಲ್ಲ ಈಗ ಎಲ್ಲೈತಿ?"

"ಕಡತದಾಗ," ಎಂದ ಚಂಬಣ್ಣ. ಕಡತದೊಳಗೆ ಹೋದದ್ದು ಹೊರಗೆ ಬಂದದ್ದನ್ನು ಅವನು ಮೂವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ಅವಳು ಎಂಜಿನ್ ತೊಳೆದು, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿದಳು. ಎದುರಿಗೆ ಕಾಯಿ ಒಡೆದಿಟ್ಟಳು. ಸರಿಯಾಗಿ ಹತ್ತು ಗಂಟೆಗೆ, ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ, ಕಡ್ಡಿ ಗೀರುವ ಮೊದಲೇ ಕರ್ಪೂರ ಹತ್ತಿಕೊಂಡಿತು.

"ಪವಾಡ!" ಎಂದು ಕಲ್ಲವ್ವ ಕೈಮುಗಿದಳು.

ಹೂವು ಕರಕಾಯಿತು. ಒಡೆದ ಕಾಯಿಯೊಳಗಿನ ನೀರು ಕುದಿಯಿತು. ನಿಂತಲ್ಲೇ ನಿಂತಿದ್ದ ಎಂಜಿನ್ ಮೊದಲು ಕೆಂಪಾಗಿ ಆಮೇಲೆ ಬೆಳ್ಳಗಾಯಿತು. ಪಕ್ಕದ ಚೀಲಗಳು ಒಂದೊಂದಾಗಿ ಹುರಿಯತೊಡಗಿದವು. ಮೂರು ಊರಿನ ವರ್ಷದ ಖಾರ ಒಂದೇ ಸಲ ಘಾಟಾಗಿ ಎದ್ದಿತು. ಜನ ಕೆಮ್ಮುತ್ತ ಕೆರೆಯ ಕಡೆ ಓಡಿದರು. ಎಮ್ಮೆಗಳು ಸೀನಿದವು. ಪಂಚಾಯಿತಿ ಸಭೆ ಇತಿಹಾಸದಲ್ಲಿ ಮೊದಲ ಸಲ ಜಗಳವಿಲ್ಲದೆ ಮುಗಿಯಿತು.

ನೀಲಗಂಗವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಅಳುತ್ತಿದ್ದಳು. ಅದು ಬರೀ ಖಾರದ ನೀರಲ್ಲ. "ಅಣ್ಣಾ, ಏನರ ಮಾಡೋ, ನನ್ನ ಎಂಜಿನ್ ಕರಗಾಕತ್ತೈತಿ!"

ಚಂಬಣ್ಣ ಒದ್ದೆ ಗೋಣಿಚೀಲ ಹೊದ್ದು ಒಳಗೆ ನುಗ್ಗಿದ. ಮುಳ್ಳು ಮುಂದಕ್ಕೆ ಅಲ್ಲಾಡಲಿಲ್ಲ. ಅವನು ಕಣ್ಣು ಮುಚ್ಚಿ ಬಲವಾಗಿ ತಿರುಗಿಸಿದ. ಒಮ್ಮೆಲೇ ಎಲ್ಲ ಶಾಂತವಾಯಿತು.

ಹೊಗೆ ಇಳಿದ ಮೇಲೆ ನೋಡಿದರೆ ಎಂಜಿನ್ ಅರ್ಧ ಕರಗಿ, ನಡುವೆ ಸೀಳಿ, ಒಂದು ಕಡೆ ಕುಸಿದು ಕೂತಿತ್ತು. ಚಂಬಣ್ಣ ಹುಬ್ಬಿಲ್ಲದ ಮುಖ ಹೊತ್ತು ಹೊರಬಂದು ಮೆಟ್ಟಿಲ ಮೇಲೆ ಕುಳಿತ.

"ಉಳಿದ ಬಿಸಿ ಎಲ್ಲಿಗೆ ಕಳಿಸಿದಿ?"

ಅವನು ತಲೆ ತಗ್ಗಿಸಿದ. "ಹಿಂದಿನ ದಿನಾಂಕ ಹಾಕಿದೆ ತಂಗಿ. ಜೀವನದಾಗ ಮೊದಲನೇ ಸಲ."

"ಯಾವ ದಿನಾಂಕ?"

"ನಾಲ್ಕು ವರ್ಷದ ಹಿಂದಿನ ಯುಗಾದಿ ಮರುದಿನದಿಂದ. ಒಂದ ದಿನಕ್ಕ ಹಾಕಿದ್ರ ಅವತ್ತ ಕರಗತಿತ್ತು. ದಿನಾ ಸ್ವಲ್ಪ ಸ್ವಲ್ಪ ಹಂಚೇನಿ. ಕಚೇರಿ ವ್ಯಾಳ್ಯಾದಾಗ." ಹಣೆ ಒರೆಸಿಕೊಂಡು ಸೇರಿಸಿದ. "ರವಿವಾರ, ಎರಡನೇ ಶನಿವಾರ ಬಿಟ್ಟು."

ನಾಲ್ಕು ವರ್ಷ ತಾನು ಬಯ್ದದ್ದು, ಹರಕೆ ಹೊತ್ತದ್ದು, ಆ ಎಂಜಿನ್ನಿನ ಪಕ್ಕದಲ್ಲಿ ನೀರಿನ ಕೊಡ ಹಿಡಿದು ಕಾದದ್ದು ಎಲ್ಲವೂ ನೀಲಗಂಗವ್ವನ ಕಣ್ಣ ಮುಂದೆ ಬಂತು.

"ಅಂದ್ರ ನನ್ನ ಎಂಜಿನ್ ಮೊದಲಿಂದನೂ ಚೊಲೋನ ಇತ್ತು."

"ಚೊಲೋನ ಇತ್ತು," ಎಂದ ಅಣ್ಣ ಮೆಲ್ಲಗೆ.

ಅವಳು ಬೀಗ ತಂದಳು. ಬಾಗಿಲು ಎಳೆಯುವ ಮೊದಲು ಚಂಬಣ್ಣ ಒಳಗೆ ಹೋಗಿ ಆ ಕಬ್ಬಿಣದ ಮುದ್ದೆಯ ಮೇಲೆ ಅಂಗೈ ಊರಿದ. ಏನಾದರೂ ಸಮಾಧಾನದ ಮಾತು ಹೇಳಬೇಕಲ್ಲ ಅವನಿಗೂ.

"ಮುಟ್ಟಿ ನೋಡು ಗಂಗೂ. ತಣ್ಣಗ ಐತಿ."

ನೀಲಗಂಗವ್ವ ಈ ಸಲ ಮುಟ್ಟಿದಳು. ಅಣ್ಣ ಹೇಳಿದ್ದು ನಿಜವಾಗಿತ್ತು.