ಸಾವಿರ ವ್ಯಾಟಿನ ತಂಗಾಳಿ

"ಇನ್ನು ಮುಂದೆ ಈ ಮನೆಯಲ್ಲಿ ನನ್ನ ಕಂಪ್ಯೂಟರ್ ನನ್ನ ಅಪ್ಪಣೆ ಇಲ್ಲದೆ ಆರುವ ಹಾಗಿಲ್ಲ! ಅದಕ್ಕೆ ಎಂಥ ಪವರ್ ಸಪ್ಲೈ ಬೇಕೆಂದು ನಾನೇ ಆರಿಸುತ್ತೇನೆ, ನಾನೇ ತರುತ್ತೇನೆ, ನಾನೇ ಕೂರಿಸುತ್ತೇನೆ!"

ಹೀಗೆಂದು ನಾನು ಜನವರಿಯ ಒಂದು ಬೆಳಿಗ್ಗೆ, ತಲೆಗೆ ಮಫ್ಲರ್ ಸುತ್ತಿಕೊಂಡು, ಊಟಿ ಹತ್ತಿರದ ಕೂಕಲ್ತೊರೈಯ ನಮ್ಮ ಮನೆಯ ನಡುಕೋಣೆಯಲ್ಲಿ ನಿಂತು ಘೋಷಿಸಿದೆ. ಕೇಳಲು ಇದ್ದವರು ಇಬ್ಬರೇ. ಹೆಂಡತಿ ವಳ್ಳಿ ಉದ್ದಿನಬೇಳೆ ಆರಿಸುತ್ತಿದ್ದಳು. ನನ್ನ ಅವ್ವೆ ಕಂಪ್ಯೂಟರ್ ಪೆಟ್ಟಿಗೆಯ ಹಿಂಭಾಗಕ್ಕೆ ಎರಡೂ ಪಾದ ಒಡ್ಡಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಇಬ್ಬರೂ ತಲೆ ಎತ್ತಲಿಲ್ಲ. ನನಗೆ ಕೋಪ ಬಂತು.

ಕೋಪ ನನಗೆ ಬೇಗ ಬರುತ್ತದೆ, ಒಪ್ಪುತ್ತೇನೆ. ಆದರೆ ಪೂರ್ತಿ ಕೇಳಿ, ಆಮೇಲೆ ಹೇಳಿ, ಬರಬಾರದಿತ್ತೇ ಅಂತ! ಇದನ್ನು ಬರೆಯುವಾಗಲೂ ಕಿವಿ ಕೆಂಪಗಾಗುತ್ತಿದೆ.

ನಾನು ಭೋಜನ್. ಹಗಲು ಟೀ ಫ್ಯಾಕ್ಟರಿಯ ಆಫೀಸಿನಲ್ಲಿ ಗುಮಾಸ್ತ. ಉಳಿದ ಹೊತ್ತು ಸುತ್ತಲಿನ ಹಟ್ಟಿಗಳ ಮದುವೆ, ಹಬ್ಬಗಳ ವಿಡಿಯೋ ತೆಗೆದು, ಕತ್ತರಿಸಿ, ಜೋಡಿಸಿ, ಹಾಡು ತುಂಬಿ ಕೊಡುವ ಕಲಾವಿದ. ಕಲಾವಿದ ಎಂಬ ಪದ ನನ್ನದು. ವಳ್ಳಿ ಬೇರೆ ಪದ ಬಳಸುತ್ತಾಳೆ, ಅದು ಇಲ್ಲಿ ಬೇಡ.

ಕಳೆದ ಮೇ ತಿಂಗಳಲ್ಲಿ ವಳ್ಳಿಯ ತಮ್ಮ ಸುರೇಂದ್ರನ ಮದುವೆಯಾಯಿತು. ವಿಡಿಯೋ ನಾನೇ ತೆಗೆದೆ. ಇನ್ನೂ ಕೊಟ್ಟಿರಲಿಲ್ಲ. ತಪ್ಪು ನನ್ನದಲ್ಲ! ಎಲ್ಲ ಜೋಡಿಸಿ, ಕೊನೆಗೆ ಇಡೀ ಮದುವೆಯನ್ನು ಒಂದೇ ಫೈಲಾಗಿ ಹೊರತೆಗೆಯಲು ಗುಂಡಿ ಒತ್ತಿದರೆ, ಕಂಪ್ಯೂಟರ್ ಏದುಸಿರು ಬಿಡುತ್ತಾ ಮುಕ್ಕಾಲು ದಾರಿ ಹೋಗಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ ಪಟ್ ಎಂದು ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ! ದಿನಗಟ್ಟಲೆ ಅದು ಓಡಿದ್ದೇ ಓಡಿದ್ದು, ಸುರೇಂದ್ರನಿಗೆ ಮಾತ್ರ ಮದುವೆಯೇ ಆಗುತ್ತಿರಲಿಲ್ಲ.

ಅತ್ತ ನಿಜವಾದ ಸುರೇಂದ್ರನ ಹೆಂಡತಿ ಮೋನಿಷಾಗೆ ಏಳು ತಿಂಗಳು. ನನ್ನ ಘೋಷಣೆಯ ಬೆನ್ನಿಗೇ ವಳ್ಳಿಯ ತವರು ನಂಜನಾಡಿನಿಂದ ನಮ್ಮ ಅತ್ತೆ ಫೋನ್ ಮಾಡಿದರು.

"ಏನು ಅಳಿಯಾ, ಮಗು ಹುಟ್ಟಿ ಬಂದು ಅಪ್ಪ ಅವ್ವೆ ಮದುವೆ ನೋಡಲಿ ಅಂತ ಕಾಯ್ತಾ ಇದ್ದೀರಾ?"

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕಿದ್ದು ಕೇಳಿಸಿತು. ನನ್ನ ರಕ್ತ ಕುದಿಯಿತು. "ಈ ಭಾನುವಾರ ಬೆಳಿಗ್ಗೆ ಎಲ್ಲರೂ ನಮ್ಮ ಮನೆಗೆ ಬನ್ನಿ! ಬಿಸಿ ಬಿಸಿ ಇಡ್ಲಿ ತಿನ್ನುತ್ತಾ ದೊಡ್ಡ ಟಿವಿಯಲ್ಲಿ ಮದುವೆ ನೋಡೋಣ. ತೋರಿಸದಿದ್ದರೆ ನಾನು ಭೋಜನೇ ಅಲ್ಲ!" ಎಂದು ಫೋನ್ ಇಟ್ಟೆ. ಇಡ್ಲಿಯನ್ನು ನಾನು ಯೋಚಿಸಿ ಹೇಳಿದ್ದಲ್ಲ, ಮಾತಿನ ಓಟದಲ್ಲಿ ಬಂದುಬಿಟ್ಟಿತು.

"ಇಡ್ಲಿಯಾ?" ವಳ್ಳಿ ಎದ್ದು ನಿಂತಳು. "ಈ ಚಳಿಗೆ ಅಷ್ಟು ಜನಕ್ಕೆ ಇಡ್ಲಿ! ಹಿಟ್ಟು ಉಬ್ಬಿಲ್ಲೆ ಅಂದ್ರೆ ನಿಂಗ ಏನು ಮಾಡ್ತೀರಿ? ಕಲ್ಲಿನಂಥ ಇಡ್ಲಿ ಕೊಟ್ಟಳು ಅಂತ ಎನ್ನ ತವರಿನವರು ಸಾಯೋತನಕ ಆಡಿಕೊಳ್ತಾರೆ!"

ಬಯಲುಸೀಮೆಯ ಓದುಗರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಿಮ್ಮ ಕಡೆ ಸಂಜೆ ರುಬ್ಬಿಟ್ಟರೆ ಬೆಳಿಗ್ಗೆ ಹಿಟ್ಟು ಮುಚ್ಚಳ ತಳ್ಳಿಕೊಂಡು ಬರುತ್ತದಂತೆ. ನಮ್ಮ ಬೆಟ್ಟದಲ್ಲಿ ಜನವರಿಯಲ್ಲಿ ರುಬ್ಬಿದ ಹಿಟ್ಟು ರುಬ್ಬಿದ ಹಾಗೇ ಧ್ಯಾನಕ್ಕೆ ಕೂತಿರುತ್ತದೆ. ಹಿಂದೆ ಸೌದೆ ಒಲೆ ಇತ್ತು, ಅದರ ಪಕ್ಕ ಇಡುತ್ತಿದ್ದರು. ಟೈಲ್ಸ್ ಹಾಕಿಸುವಾಗ ಆ ಒಲೆಯನ್ನು ಕೀಳಿಸಿದ ಪುಣ್ಯಾತ್ಮ ನಾನೇ. ಅಂದಿನಿಂದ ಮನೆಯಲ್ಲಿ ಬೆಚ್ಚಗಿರುವ ಜಾಗ ಒಂದೇ: ನನ್ನ ಕಂಪ್ಯೂಟರಿನ ಬೆನ್ನು!

ಅಲ್ಲಿ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ, ಪವರ್ ಸಪ್ಲೈ ಕೂತಿತ್ತು. ಕ್ಯಾಬಿನೆಟ್ ಕೊಂಡಾಗ ಜೊತೆಗೆ ಬಿಟ್ಟಿ ಬಂದದ್ದು. ಮೈಮೇಲೆ ನಾನೂರೈವತ್ತು ವ್ಯಾಟ್ ಎಂದು ಚೀಟಿ ಅಂಟಿಸಿಕೊಂಡಿತ್ತು. ವಿಡಿಯೋ ಕೆಲಸಕ್ಕೆಂದು ನಾನು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಆ ಬಡಪಾಯಿ ಸದಾ ಬಿಸಿಗಾಳಿ ಕಾರುತ್ತಿತ್ತು. ಆ ಗಾಳಿಗೆ ಅವ್ವೆಯ ಪಾದ, ಎಲ್ಲರ ಕಾಲುಚೀಲ, ಮತ್ತು ನನ್ನದೇ ಹಳೇ ಸ್ವೆಟರ್ ಹೊದ್ದ ಹಿಟ್ಟಿನ ಪಾತ್ರೆ! ಒಬ್ಬ ಕಲಾವಿದನ ಕಾರ್ಯಾಗಾರ ಹೋಗಿ ಅಡುಗೆಮನೆಯ ಶಾಖೆಯಾಗಿತ್ತು. ಹೊಟ್ಟೆ ಉರಿಯುವುದಿಲ್ಲವೇ?

"ಪಾತ್ರೆ ಅಡ್ಡ ಇಟ್ಟು ಅದರ ಉಸಿರು ಕಟ್ಟಿಸುತ್ತೀಯ. ಅದಕ್ಕೇ ಅದು ಆರುವುದು!" ಎಂದು ಕಿರುಚಿದೆ.

"ಉಸಿರು ಕಟ್ಟಿದ್ದು ನಿಂಗ ಹಾಕಿದ ಕಾರ್ಡಿಂದ. ಇಡ್ಲಿ ಹಿಟ್ಟಿಂದ ಯಾರು ಸತ್ತಿದ್ದಾರೆ?" ಎಂದಳು ವಳ್ಳಿ. "ಅದು ಒಳ್ಳೆ ಬಿಸಿ ಕೊಡ್ತಾ ಇದೆ. ಭಾನುವಾರ ಕಳೆಯೋತನಕ ಮುಟ್ಟಬೇಡಿ."

ಆಗ ನನ್ನ ಬಾಯಿಂದ ಆ ಮಾತು ಹೊರಟಿತು. ಸುಳ್ಳಲ್ಲ, ನಾನು ನಂಬಿಯೇ ಹೇಳಿದ್ದು.

"ಏಯ್ ವಳ್ಳಿ, ಸ್ವಲ್ಪ ಲೆಕ್ಕ ಹಾಕು! ನಾನೂರೈವತ್ತು ವ್ಯಾಟಿಗೇ ನಿನ್ನ ಹಿಟ್ಟು ಸಂಜೆಯೊಳಗೆ ಉಬ್ಬುತ್ತದೆ. ನಾನು ತರುವುದು ಸಾವಿರ ವ್ಯಾಟು! ಹಿಟ್ಟು ಪಾತ್ರೆ ಮೀರಿ ಹರಿದು ಟೈಲ್ಸ್ ಹಾಳು ಮಾಡೀತು, ಹುಷಾರು!"

ಅವ್ವೆ ಕಣ್ಣು ಬಿಟ್ಟಳು. "ಸಾವಿರವಾ? ಹಾಗಾದ್ರೆ ಬೇಗ ತಾ ಭೋಜಾ. ಎನ್ನ ಮಂಡಿನೂ ಕಾಯ್ಲಿ."

ಊಟಿಯಲ್ಲಿ ನಾನು ಹೋದ ಅಂಗಡಿಯ ಒಡತಿ ಸಿಂಧುಜಾ. ಕನ್ನಡ, ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಚುರುಕು ಹೆಂಗಸು. ನನ್ನ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ಕೇಳಿ, ಬೆರಳಿನಲ್ಲೇ ಕೂಡಿಸಿದಳು.

"ಎಷ್ಟು ಜೋರಾಗಿ ಓಡಿದ್ರೂ ನಿಮ್ಮ ಮೆಷಿನ್ ಮುನ್ನೂರು ದಾಟಲ್ಲ ಸಾರ್. ಬಿಟ್ಟಿ ಬಂದದ್ದು ಚೀಟಿಯಲ್ಲಿ ಬರೆದಷ್ಟು ಕೊಡಲ್ಲ, ಅದಕ್ಕೇ ಆರೋದು. ಸ್ವಲ್ಪ ಕೈಮೀಸಲು ಇರಲಿ. ಐನೂರೈವತ್ತು ಪೋದುಂ, ಧಾರಾಳವಾಗಿ ಸಾಕು."

"ಸಾವಿರ ಕೊಡಿ."

"ಬೇಡ ಸಾರ್. ಹತ್ತು ಟೀ ಗಿಡದ ಸೊಪ್ಪು ಸಾಗಿಸೋಕೆ ಲಾರಿ ತಂದ ಹಾಗಾಗುತ್ತೆ."

"ಲಾರಿಯೇ ಬೇಕಮ್ಮಾ! ನನ್ನ ಮನೆಗೆ ಎಷ್ಟು ಬೇಕು ಅಂತ ನನಗೆ ಗೊತ್ತಿಲ್ಲವಾ?" ಎಂದು ಗುಡುಗಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅವಳು ಭುಜ ಕುಣಿಸಿ ದೊಡ್ಡ ಪೆಟ್ಟಿಗೆ ಇಳಿಸಿದಳು. ಮೇಲೆ 'ಗೋಲ್ಡ್' ಎಂದು ಬರೆದಿತ್ತು. "ಇದರಲ್ಲಿ ಚಿನ್ನ ಎಲ್ಲಿದೆ?" ಎಂದೆ. "ಚಿನ್ನ ಅಲ್ಲ ಸಾರ್. ಕರೆಂಟನ್ನ ವೇಸ್ಟ್ ಮಾಡಲ್ಲ ಅಂತ ಅರ್ಥ." "ಒಳ್ಳೆಯದಾಯಿತು, ನನಗೆ ವೇಸ್ಟ್ ಮಾಡುವವರನ್ನು ಕಂಡರೆ ಆಗುವುದಿಲ್ಲ," ಎಂದೆ, ಪೆದ್ದು ಮುಂಡೇದು! ಚೀಲದಲ್ಲಿ ಕೊಂಡೊಯ್ದಿದ್ದ ಹಳೆಯದನ್ನು ಮೇಜಿನ ಮೇಲೆ ಎಸೆದು, "ಇದನ್ನು ಗುಜರಿಗೆ ಹಾಕಿ," ಎಂದು ಎದೆಯುಬ್ಬಿಸಿ ಹೊರಬಂದೆ.

ಶನಿವಾರ ಬೆಳಿಗ್ಗೆ ಕೂರಿಸಿದೆ. ಗುಂಡಿ ಒತ್ತಿದೆ. ದೀಪಗಳು ಬಂದವು, ಪರದೆ ಬಂತು. ಹಿಂದೆ ಬಗ್ಗಿ ನೋಡಿದರೆ ಹೊಸ ಪವರ್ ಸಪ್ಲೈಯ ಫ್ಯಾನ್ ಮಾತ್ರ ಗೊಂಬೆಯ ಹಾಗೆ ನಿಂತಿದೆ! ಮೈಯೆಲ್ಲ ಉರಿದುಹೋಯಿತು. ಅಂಗಡಿಗೆ ಫೋನ್ ತಿರುಗಿಸಿದೆ.

"ಫ್ಯಾನ್ ತಿರುಗುತ್ತಿಲ್ಲ!"

"ತಿರುಗಲ್ಲ ಸಾರ್."

"ತಿರುಗಲ್ಲ ಅಂದರೆ? ಸತ್ತ ಮಾಲು ಕೊಟ್ಟು ತಣ್ಣಗೆ ಹೇಳುತ್ತೀರಾ?"

"ಬಿಸಿ ಆದ್ರೆ ಮಾತ್ರ ತಿರುಗುತ್ತೆ. ನಿಮ್ಮ ಮೆಷಿನ್‌ಗೆ ಅದು ಬಿಸಿ ಆಗೋದೇ ಇಲ್ಲ. ಐನೂರೈವತ್ತು ಸಾಕು ಅಂದೆನಲ್ಲ?"

ಫೋನ್ ಕತ್ತರಿಸಿದೆ. ಬಿಸಿ ಆಗುವುದಿಲ್ಲ ಎಂಬ ಮಾತು ಆಗಲೇ ನನ್ನ ತಲೆಯೊಳಗೆ ಹೋಗಬೇಕಿತ್ತು. ಆದರೆ ತಲೆಯ ತುಂಬ ಕೋಪವಿದ್ದಾಗ ಬೇರೆಯದಕ್ಕೆ ಜಾಗವಿರುವುದಿಲ್ಲ. ವಿಡಿಯೋ ಹೊರತೆಗೆಯಲು ಹಾಕಿದೆ. ಅರ್ಧ, ಮುಕ್ಕಾಲು... ಸುರೇಂದ್ರ ತಾಳಿ ಎತ್ತಿಕೊಂಡ... ಕಟ್ಟಿದ! ನೂರಕ್ಕೆ ನೂರು! ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಇಡೀ ಮದುವೆ ಮುಗಿದಿತ್ತು. ನಾನು ಕುರ್ಚಿಯಿಂದ ಜಿಗಿದು "ಗೆದ್ದೆ!" ಎಂದು ಕೂಗಿದೆ. ಯಾರೂ ಬರಲಿಲ್ಲ, ಅಡುಗೆಮನೆಯಲ್ಲಿ ಗ್ರೈಂಡರ್ ಸದ್ದು.

ಊಟದ ಮೇಲೆ ನಾನು ಮಲಗಿ ಎದ್ದು ಬರುವಷ್ಟರಲ್ಲಿ ಮೇಜಿನ ಕೆಳಗೆ ಜಾತ್ರೆ! ವಳ್ಳಿಯ ದೊಡ್ಡ ಪಾತ್ರೆ, ಪಕ್ಕದ ಮನೆಯ ಮಲರ್‌ಕೊಡಿಯ ಎರಡು ಪಾತ್ರೆ, ನಡುವೆ ಅವ್ವೆಯ ಪಾದಗಳು. "ಸಾವಿರ ವ್ಯಾಟ್ ತಂದಿದ್ದಾರೆ" ಎಂದು ವಳ್ಳಿ ನೀರಿನ ಕೊಳಾಯಿಯ ಹತ್ತಿರ ಸಾರಿದ್ದಳು. ಅಂದರೆ, ನನ್ನ ಬಗ್ಗೆ ಜಂಬ ಕೊಚ್ಚಿಕೊಂಡಿದ್ದಳು! ಮದುವೆಯಾದ ಮೇಲೆ ಮೊದಲ ಸಲ.

ಸಂಜೆ ಮುಚ್ಚಳ ತೆಗೆದಳು. ಹಿಟ್ಟು ಅಲ್ಲಾಡಿರಲಿಲ್ಲ. ಬೆರಳಿಟ್ಟು ನೋಡಿದಳು. ಐಸು!

"ಬಿಸಿ ಎಲ್ಲಿ?"

"ಕೆಲಸ ಮುಗಿಯಿತಲ್ಲ, ಕಂಪ್ಯೂಟರ್ ಸುಮ್ಮನಿದೆ," ಎಂದೆ.

"ಮತ್ತೆ ಓಡಿಸಿ."

"ಮುಗಿದ ಮದುವೆಯನ್ನು ಮತ್ತೆ ಯಾಕೆ?"

"ಓಡಿಸಿ ಅಂದೆ!"

ಓಡಿಸಿದೆ. ಸುರೇಂದ್ರನಿಗೆ ಇನ್ನೊಂದು ಸಲ ಮದುವೆಯಾಯಿತು. ಅವ್ವೆ ಪಾದ ಒಡ್ಡಿ ನೋಡಿ, ಮುಖ ಸಿಂಡರಿಸಿ, "ಹಸು ಉಸಿರು ಬಿಟ್ಟರೂ ಇದಕ್ಕಿಂತ ಬಿಸಿ," ಎಂದು ಕಾಲು ಎಳೆದುಕೊಂಡಳು. ಮಲರ್‌ಕೊಡಿ ತನ್ನ ಪಾತ್ರೆಗಳನ್ನು ಎತ್ತಿಕೊಂಡು ಹೋದಳು.

"ನಾನೂರೈವತ್ತಕ್ಕೆ ಅಷ್ಟು ಬಿಸಿ, ಸಾವಿರಕ್ಕೆ ಇಷ್ಟೇನಾ?" ವಳ್ಳಿಯ ಕಣ್ಣು ತುಂಬಿತ್ತು. ಆದರೆ ಧ್ವನಿ ಕತ್ತಿಯಂತಿತ್ತು. "ನಿಮ್ಮನ್ನ ಚೆನ್ನಾಗಿ ಏಮಾರಿಸಿದ್ದಾರೆ! ನಾಳೆ ಎನ್ನ ಅವ್ವೆ ಮುಂದೆ ಏನಿಡಲಿ? ನಿಮ್ಮ ವಿಡಿಯೋನ ತಟ್ಟೆಗೆ ಹಾಕಲಾ?"

ನನ್ನನ್ನು ಏಮಾರಿಸುವುದೇ! ಅವಳೂ ಕೇಳಲಿ ಎಂದು ಸ್ಪೀಕರ್ ಹಾಕಿ ಅಂಗಡಿಗೆ ಫೋನ್ ಮಾಡಿದೆ.

"ಸಾವಿರ ವ್ಯಾಟ್ ಅಂತ ಕೊಟ್ಟಿರಲ್ಲ, ಬಿಸಿ ಎಲ್ಲಿ? ತಂಗಾಳಿ ಬರುತ್ತಿದೆ!"

"ತಣ್ಣಗಿದೆಯಾ? ಸೂಪರ್ ಸಾರ್!"

"ಏನು ಸೂಪರ್! ಹಳೆಯದು ಒಲೆಯ ಹಾಗಿತ್ತು!"

"ಅದು ಕರೆಂಟಲ್ಲಿ ಒಂದು ಪಾಲನ್ನ ಬಿಸಿ ಮಾಡಿ ಹೊರಗೆ ಚೆಲ್ತಾ ಇತ್ತು ಸಾರ್. ಇದು ಚೆಲ್ಲಲ್ಲ. ಸಾವಿರ ಅಂದ್ರೆ ಅಷ್ಟು ಕೊಡೋಕೆ ಶಕ್ತಿ ಇದೆ ಅಂತ, ಅಷ್ಟು ಬಿಸಿ ಬರುತ್ತೆ ಅಂತಲ್ಲ."

"ನನಗೆ ಚೆಲ್ಲುವುದೇ ಬೇಕಮ್ಮಾ! ಆ ಹಳೆಯದನ್ನೇ ವಾಪಸ್ ಕೊಡಿ!"

"ಗುಜರಿಯವನು ಒಯ್ದ ಸಾರ್. ಬಿಸಿ ಯಾತಕ್ಕೆ?"

"ಇಡ್ಲಿ ಹಿಟ್ಟಿಗೆ!"

ಆ ಕಡೆಯಿಂದ ನಗು, ತಡೆಯಲಾರದ ನಗು. "ಅಯ್ಯೋ ಸಾರ್, ಒಂದು ಪಾತ್ರೆ ಹಿಟ್ಟಿಗೆ ಕಂಪ್ಯೂಟರ್ ಬೇಕಾ? ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ ನೂರು ವ್ಯಾಟ್ ಹತ್ತಿರ ಬಿಸಿ ಬರುತ್ತೆ!"

ಸ್ಪೀಕರ್ ಹಾಕಿದ್ದು ನಾನು. ಯಾರನ್ನು ಬೈಯಲಿ?

ವಳ್ಳಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಂಗಡಿಯಲ್ಲಿ ನಾನು ಪೆಟ್ಟಿಗೆಗಳನ್ನು ನೋಡಿದ್ದೆನಲ್ಲ, ಹಾಗೆ. "ಕೂತ್ಕೊಳ್ಳಿ," ಎಂದಳು. ನನ್ನ ಮಂಡಿಗಳ ನಡುವೆ ಪಾತ್ರೆ ಬಂತು, ಮೇಲೆ ಎರಡು ಕಂಬಳಿ ಬಂದವು, ಹೊರಗೆ ನನ್ನ ಮೂಗೊಂದೇ ಉಳಿಯಿತು.

"ಇದು ಅನ್ಯಾಯ! ನಾನು ಫ್ಯಾಕ್ಟರಿಯ ಗುಮಾಸ್ತ! ಕಲಾವಿದ!" ಎಂದು ಕಂಬಳಿಯೊಳಗಿಂದ ಅರಚಿದೆ.

"ಬೈಯಲಿ ಬಿಡು ವಳ್ಳಿ," ಎಂದಳು ಅವ್ವೆ. "ಸಿಟ್ಟು ಬಂದಷ್ಟೂ ಅವನ ಮೈ ಕಾಯುತ್ತದೆ. ಚಿಕ್ಕಂದಿನಿಂದ ಹಾಗೇ."

ಈ ಒಂದು ಮಾತು ಸಾಕಾಯಿತು. ನಾನು ತೂಕಡಿಸಿ ತಣ್ಣಗಾದೆ ಅನ್ನಿಸಿದಾಗಲೆಲ್ಲ ವಳ್ಳಿ ಬಂದು ಪಾತ್ರೆ ಮುಟ್ಟಿ ನೋಡಿ, ಮೆಲ್ಲಗೆ ಕೆದಕುತ್ತಿದ್ದಳು. "ಅಲ್ಲ, ಫ್ಯಾಕ್ಟರಿಯಲ್ಲಿ ನಿಮಗೆ ಬರಬೇಕಾದ ಪ್ರಮೋಷನ್ ಯಾರಿಗೆ ಕೊಟ್ಟರು?" ನಾನು ಭಗ್ಗೆಂದು ಹೊತ್ತಿಕೊಳ್ಳುತ್ತಿದ್ದೆ. ಇನ್ನೊಮ್ಮೆ ಬಂದು, "ನಿಮ್ಮ ಅಣ್ಣ ಬೇಲಿ ಎಷ್ಟು ಒಳಗೆ ತಂದಿದ್ದಾನೆ, ಗಮನಿಸಿದಿರಾ?" ಆ ಬೇಲಿಯ ವಿಚಾರದಲ್ಲಿ ನಾನು ಎಷ್ಟು ಹೊತ್ತು ಕುದಿದೆನೋ ನನಗೇ ಗೊತ್ತಿಲ್ಲ. ಕುದಿಯುತ್ತಲೇ ನಿದ್ದೆ ಹೋದೆ.

ಭಾನುವಾರ ಗಿಡಗಳ ಮೇಲಿನ ಮಂಜು ಕರಗುವ ಮೊದಲೇ ನಂಜನಾಡಿನ ಜೀಪು ಬಂದುಬಿಟ್ಟಿತು! ನಾನು ಎದ್ದೋಡುವ ಮುಂಚೆ ಎಲ್ಲರೂ ಒಳಗೆ.

"ಏನು ಭಾವಾ, ಜ್ವರವಾ?" ಎಂದ ಸುರೇಂದ್ರ.

"ಜ್ವರ ಅಲ್ಲ, ಹಿಟ್ಟು," ಎಂದು ವಳ್ಳಿ ಎಲ್ಲರೆದುರೇ ಕಂಬಳಿ ಎತ್ತಿ, ಮುಚ್ಚಳ ತೆಗೆದಳು. ಹಿಟ್ಟು ಕಂಠದವರೆಗೆ ಉಬ್ಬಿ ಗುಳುಗುಳು ಅನ್ನುತ್ತಿತ್ತು! ಏಳು ತಿಂಗಳ ಮೋನಿಷಾ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು.

ಇಡ್ಲಿ ಹತ್ತಿಯ ಹಾಗೆ ಬಂದವು. ನಾನು ಟಿವಿ ಹಾಕಿ ವಿಡಿಯೋ ಬಿಟ್ಟೆ. ಒಂದು ಕಡೆಯೂ ನಿಲ್ಲದೆ, ತಾಳಿ ಕಟ್ಟುವುದನ್ನೂ ದಾಟಿ, ಕೊನೆಯವರೆಗೆ ಓಡಿತು. ನೋಡಿದವನು ನಾನೊಬ್ಬನೇ. ಉಳಿದವರೆಲ್ಲ ಅಡುಗೆಮನೆಯಲ್ಲಿ ಎರಡನೇ ಸುತ್ತಿಗೆ ನಿಂತಿದ್ದರು. ವಳ್ಳಿಯ ಮುಖದಲ್ಲಿ ಅಂಥ ನಗು ನೋಡಿ ಬಹಳ ದಿನವಾಗಿತ್ತು, ಅದಕ್ಕೆ ಬೈಯದೆ ಸುಮ್ಮನಿದ್ದೆ.

ಕೊನೆಗೆ ಅತ್ತೆ ತಟ್ಟೆ ಹಿಡಿದು ನನ್ನ ಹತ್ತಿರ ಬಂದರು. ನನ್ನನ್ನೇ ದಿಟ್ಟಿಸಿ ನೋಡಿದರು. ಸದ್ಯ, ಇವರಾದರೂ ವಿಡಿಯೋ ಬಗ್ಗೆ ಒಂದು ಒಳ್ಳೆ ಮಾತು ಹೇಳುತ್ತಾರೆ ಎಂದು ನೆಟ್ಟಗೆ ಕೂತೆ. ಅವರು ನನ್ನ ಹಣೆ ಮುಟ್ಟಿ, ಮಗಳ ಕಡೆ ತಿರುಗಿದರು.

"ವಳ್ಳಿ, ಎಂಗ ನಂಜನಾಡಲ್ಲಿ ಇಲ್ಲಿಗಿಂತ ಚಳಿ. ಬರೋ ವಾರ ಎಂಗ ಮನೆಗೂ ನೆಂಟರು ಬರ್ತಾರೆ. ಎರಡು ದಿನಕ್ಕೆ ಅಳಿಯನ ಕಳಿಸ್ತೀಯಾ?"

ವಳ್ಳಿ ಕೈ ಒರೆಸಿಕೊಂಡು ಸ್ವಲ್ಪ ಯೋಚಿಸಿದಳು.

"ಕಳಿಸ್ತೇನೆ. ಆದ್ರೆ ಮೊದಲೇ ಹೇಳಿಬಿಡ್ತೇನೆ, ಬಿಸಿ ನೂರು ವ್ಯಾಟೇ. ಸದ್ದು ಮಾತ್ರ ಸಾವಿರದ್ದು."